ಸಸ್ಪೆನ್ಷನ್ ಬೋಲ್ಟ್: ಅಳತೆ ಹೊಂದಿದರೆ ಸಾಲದು

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ. ಹಳೆಯ ಪಿಕಪ್ ಒಂದಿದೆ. ಮುಂದೆ ಚಕ್ರವನ್ನು ಚಾಸಿಗೆ ಹಿಡಿದಿಡುವ ಕಂಟ್ರೋಲ್ ಆರ್ಮ್, ಹಿಂದೆ ಉಕ್ಕಿನ ಪ್ಲೇಟುಗಳ ಕಟ್ಟಾದ ಲೀಫ್ ಸ್ಪ್ರಿಂಗ್. ಮುಂದಿನ ಎಡಗಡೆ ಲೋವರ್ ಆರ್ಮಿನ ಬುಷ್ ಹೋಗಿತ್ತು. ಬೋಲ್ಟು ಬುಷ್ಷಿನೊಳಗೇ ತುಕ್ಕು ಹಿಡಿದು ಕೂತಿದ್ದರಿಂದ ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ ಹೊಡೆದು ತೆಗೆದರು. ಬೋಲ್ಟಿನ ತಲೆಯ ಮೇಲೆ 10.9 ಎಂದಿದೆ. 12 ಎಂಎಂ ದಪ್ಪ, ಫೈನ್ ಥ್ರೆಡ್. ಚಿಕ್ಕಮಗಳೂರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಅದೇ ದಪ್ಪ, ಅದೇ ಉದ್ದದ ಬೋಲ್ಟು ನಟ್ಟಿನ ಸಮೇತ ಸಿಕ್ಕಿತು. ಆದರೆ ಅದು 8.8, ಸಾಧಾರಣ ಥ್ರೆಡ್. ‘ದಪ್ಪ ಒಂದೇ ಅಲ್ವಾ ಸಾರ್, ಏನೂ ಆಗಲ್ಲ’ ಅಂತಾರೆ ಮೆಕ್ಯಾನಿಕ್. ಪಕ್ಕದ ತೋಟದವರು 12.9 ಅಲೆನ್ ಬೋಲ್ಟು ಹಾಕಿಸಿ ಅಂತಾರೆ. ನಮ್ಮ ಭಾವ ಸ್ಟೇನ್‌ಲೆಸ್ ಹಾಕಿದರೆ ಇನ್ನು ತುಕ್ಕಿನ ಕಾಟವೇ ಇಲ್ಲ ಅಂತಾರೆ. ಯಾವುದು ಸರಿ? ಇನ್ನೊಂದು: ಹಿಂದಿನ ಸ್ಪ್ರಿಂಗಿನ ಸೆಂಟರ್ ಬೋಲ್ಟು ಈ ಮಳೆಗಾಲದಲ್ಲೇ ಎರಡು ಸಲ ತುಂಡಾಯಿತು. ಅದಕ್ಕೂ ಗಟ್ಟಿ ಬೋಲ್ಟು ಹಾಕಬೇಕಾ? ಗೊಬ್ಬರ ತರಲು ಚಾರ್ಮಾಡಿ ಇಳಿದು ಉಜಿರೆ ಕಡೆಗೆ ಹೋಗುವುದಿದೆ. ಅಲ್ಲಿವರೆಗೆ ಹೀಗೇ ಓಡಿಸಬಹುದಾ?

ಉತ್ತರ: ನಿಮ್ಮ ಮುಂದಿರುವ ಮೂರು ಬೋಲ್ಟುಗಳಲ್ಲಿ ಒಂದನ್ನೂ ಹಾಕಬೇಡಿ. ಕಾಯಿಸಿ ತೆಗೆದ ಹಳೆಯದನ್ನಂತೂ ಮತ್ತೆ ಹಾಕಲೇಬೇಡಿ. ಬೇಕಾಗಿರುವುದು 10.9ರದ್ದೇ, 12 ಎಂಎಂ, ಅದೇ ಫೈನ್ ಥ್ರೆಡ್ಡಿನ, ಥ್ರೆಡ್ ಇಲ್ಲದ ನುಣುಪು ಭಾಗವೂ ಹಳೆಯದರಷ್ಟೇ ಉದ್ದವಿರುವ ಬೋಲ್ಟು. ಜೊತೆಗೆ ಅದಕ್ಕೆ ತಕ್ಕ ಹೊಸ ನಟ್ಟು. ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ನಿಮ್ಮ ಮೆಕ್ಯಾನಿಕ್, ನೆರೆಯವರು, ಭಾವ ಮೂವರ ಮಾತಿನಲ್ಲೂ ಒಂದೇ ತಪ್ಪು ತಿಳಿವಳಿಕೆ ಅಡಗಿದೆ. ಹಾಸನದಲ್ಲಿ ನನ್ನ ಕೈಗೆ ಬರುವ ವಾಹನಗಳಲ್ಲೂ ಪದೇ ಪದೇ ಕಾಣುವುದು ಅದೇ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಆ ತಿಳಿವಳಿಕೆ ಏನೆಂದರೆ, ಆರ್ಮಿನ ಬೋಲ್ಟು ಬಾಗಿಲ ಕೀಲಿನ ಸರಳಿದ್ದಂತೆ, ಆರ್ಮು ಅದರ ಮೇಲೆ ತೂಗುತ್ತದೆ, ಭಾರವೆಲ್ಲ ಅದನ್ನು ಅಡ್ಡಕ್ಕೆ ಕತ್ತರಿಸಲು ನೋಡುತ್ತದೆ ಎಂಬುದು. ಹಾಗೆ ನಂಬಿದರೆ ದಪ್ಪ ಒಂದೇ ಇದ್ದರೆ ಸಾಕು ಅನ್ನಿಸುವುದೂ ಸಹಜ, ಎಷ್ಟು ಗಡಸಿದ್ದರೆ ಅಷ್ಟು ಒಳ್ಳೆಯದು ಅನ್ನಿಸುವುದೂ ಸಹಜ. ನಿಜವಾಗಿ ನಡೆಯುವುದು ಬೇರೆ. ರಬ್ಬರ್ ಬುಷ್ಷಿನ ಮಧ್ಯೆ ಒಂದು ಉಕ್ಕಿನ ಕೊಳವೆ ಇದೆಯಲ್ಲ, ಆ ಕೊಳವೆಯ ಎರಡು ತುದಿಗಳನ್ನು ಬ್ರಾಕೆಟ್ಟಿನ ಎರಡು ಕಿವಿಗಳು ಅದುಮಿ ಹಿಡಿಯಬೇಕು. ಹಾಗೆ ಅದುಮಿಸುವುದೇ ಬೋಲ್ಟಿನ ಕೆಲಸ. ಬಿಗಿ ಸರಿಯಿದ್ದರೆ ಕೊಳವೆ ಮಿಸುಕುವುದಿಲ್ಲ. ಆರ್ಮು ಮೇಲೆ ಕೆಳಗೆ ಆಡುವಾಗ ತಿರುಚಿಕೊಳ್ಳುವುದು ರಬ್ಬರ್ ಮಾತ್ರ. ಗುಂಡಿಗೆ ಚಕ್ರ ಬಿದ್ದಾಗ ಬರುವ ಹೊಡೆತವನ್ನು ಕೊಳವೆಯ ತುದಿಗೂ ಬ್ರಾಕೆಟ್ಟಿಗೂ ನಡುವಿನ ಘರ್ಷಣೆಯೇ ತಡೆಯುತ್ತದೆ. ಬೋಲ್ಟಿಗೆ ಅಡ್ಡ ಹೊಡೆತ ಹೆಚ್ಚುಕಡಿಮೆ ತಾಗುವುದೇ ಇಲ್ಲ. ಪಿಕಪ್ಪಿಗೆ ಕಾಫಿ ಮೂಟೆ ಹೇರಿ ಹಗ್ಗ ಕಟ್ಟುತ್ತೀರಲ್ಲ, ಹಗ್ಗ ಬಿಗಿಯಾಗಿದ್ದರೆ ತಿರುವಿನಲ್ಲಿ ಮೂಟೆ ಅಲುಗುವುದಿಲ್ಲ, ಹಗ್ಗವೂ ಸವೆಯುವುದಿಲ್ಲ. ಸಡಿಲವಿದ್ದರೆ ಮೂಟೆ ಜಗ್ಗಿ ಜಗ್ಗಿ ಹಗ್ಗವನ್ನೇ ತಿಂದುಹಾಕುತ್ತದೆ. ಇಲ್ಲೂ ಹಾಗೆಯೇ. ಬಿಗಿ ಹೋದ ದಿನದಿಂದ ಕೊಳವೆ ಅಲ್ಲಾಡಲು ಶುರುವಾಗುತ್ತದೆ, ಬ್ರಾಕೆಟ್ಟಿನ ತೂತು ಮೊಟ್ಟೆಯಾಕಾರಕ್ಕೆ ಹಿಗ್ಗುತ್ತದೆ, ಬೋಲ್ಟು ಪ್ರತಿ ಗುಂಡಿಗೂ ಒಂದಿಷ್ಟು ಬಾಗಿ ಬಾಗಿ ಕೊನೆಗೆ ದಣಿದು ಮುರಿಯುತ್ತದೆ.

ಆದ್ದರಿಂದ ಬೋಲ್ಟು ಎಷ್ಟು ಭಾರಕ್ಕೆ ತುಂಡಾಗುತ್ತದೆ ಎನ್ನುವುದಕ್ಕಿಂತ, ಅದನ್ನು ಎಷ್ಟು ಬಿಗಿಯಬಹುದು ಮತ್ತು ಆ ಬಿಗಿ ಎಷ್ಟು ದಿನ ಉಳಿಯುತ್ತದೆ ಎನ್ನುವುದೇ ಮುಖ್ಯ.

ತಲೆಯ ಮೇಲಿನ ಅಂಕಿಗಳು ಹೇಳುವುದೂ ಇದನ್ನೇ. 10.9ರಲ್ಲಿ ಚುಕ್ಕಿಯ ಹಿಂದಿನ 10 ಅಂದರೆ ಪ್ರತಿ ಚದರ ಮಿಲಿಮೀಟರಿಗೆ 1000 ನ್ಯೂಟನ್ ಎಳೆತದವರೆಗೆ ಉಕ್ಕು ತುಂಡಾಗುವುದಿಲ್ಲ ಎಂದು. ಚುಕ್ಕಿಯ ಮುಂದಿನ 9 ಅಂದರೆ ಅದರ ಶೇಕಡ 90ರಷ್ಟು, ಅಂದರೆ 900 ನ್ಯೂಟನ್ನಿನ ಆಚೆಗೆ ಹೋದರೆ ಬೋಲ್ಟು ಹಿಗ್ಗಿ ಮತ್ತೆ ಮೊದಲಿನ ಉದ್ದಕ್ಕೆ ಬಾರದು ಎಂದು. 8.8ರಲ್ಲಿ ಇವು 800 ಮತ್ತು 640. ಗೇಟು, ಶೀಟು, ತೊಲೆ ಜೋಡಿಸಲು ಬಳಸುವ 4.6ರಲ್ಲಿ 400 ಮತ್ತು 240 ಮಾತ್ರ. ಭಾರತೀಯ ಮಾನಕ ಐಎಸ್ 1367 ಕೂಡ ಇದೇ ಲೆಕ್ಕವನ್ನು ಹೇಳುತ್ತದೆ. ತಲೆಯ ಮೇಲೆ ಏನೂ ಬರೆದಿಲ್ಲದ ಬೋಲ್ಟನ್ನು 4.6 ಎಂದೇ ತಿಳಿಯಿರಿ. ಅದು ಸಸ್ಪೆನ್ಷನ್ನಿನ ಹತ್ತಿರವೂ ಸುಳಿಯಬಾರದು.

ಈಗ ನಿಮ್ಮ ಮೆಕ್ಯಾನಿಕ್ ಹೇಳಿದ ‘ದಪ್ಪ ಒಂದೇ’ ಎಂಬ ಮಾತಿಗೆ ಬರೋಣ. ಹೊರಗಿನ ದಪ್ಪ 12 ಎಂಎಂ ಇದ್ದರೂ ಎಳೆತ ತಾಳುವುದು ಥ್ರೆಡ್ಡಿನ ತಗ್ಗುಗಳನ್ನು ಕಳೆದು ಉಳಿದ ಉಕ್ಕು. 1.25 ಎಂಎಂ ಅಂತರದ ಫೈನ್ ಥ್ರೆಡ್ಡಿನಲ್ಲಿ ಅದು 92.1 ಚದರ ಮಿಲಿಮೀಟರ್. 1.75 ಎಂಎಂ ಅಂತರದ ಸಾಧಾರಣ ಥ್ರೆಡ್ಡಿನಲ್ಲಿ 84.3. ಹಿಗ್ಗದೆ ಖಾತ್ರಿಯಾಗಿ ತಾಳುವ ಎಳೆತ ಲೆಕ್ಕ ಹಾಕಿದರೆ ನಿಮ್ಮ ಹಳೆಯ 10.9 ಬೋಲ್ಟಿಗೆ ಸುಮಾರು 7.8 ಟನ್, ಅಂಗಡಿಯ 8.8 ಬೋಲ್ಟಿಗೆ ಸುಮಾರು 5 ಟನ್. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಶಕ್ತಿ ಹೋಯಿತು, ಕಣ್ಣಿಗೆ ಮಾತ್ರ ಎರಡೂ ಒಂದೇ.

ಬೋಲ್ಟನ್ನು ಸಾಮಾನ್ಯವಾಗಿ ಆ ಮಿತಿಯ ಮುಕ್ಕಾಲು ಪಾಲಿನವರೆಗೆ ಬಿಗಿಯುತ್ತೇವೆ. ಆಗ ಹಳೆಯದರಲ್ಲಿ ಸಿಗುವ ಬಿಗಿ ಸುಮಾರು 5.8 ಟನ್, ಹೊಸದರಲ್ಲಿ 3.7 ಟನ್. ಉಕ್ಕಿಗೂ ಉಕ್ಕಿಗೂ ನಡುವಿನ ಘರ್ಷಣೆಯನ್ನು 0.15 ಎಂದು ಇಟ್ಟುಕೊಂಡು ಕೊಳವೆಯ ಎರಡೂ ತುದಿ ಸೇರಿಸಿ ನೋಡಿದರೆ, ಮೊದಲನೆಯದು ಸುಮಾರು ಒಂದೂ ಮುಕ್ಕಾಲು ಟನ್ ಅಡ್ಡ ಹೊಡೆತಕ್ಕೆ ಜಾರುವುದಿಲ್ಲ, ಎರಡನೆಯದು ಸುಮಾರು 1.1 ಟನ್ನಿಗೇ ಜಾರುತ್ತದೆ. ಹೇರು ತುಂಬಿದ ಪಿಕಪ್ಪು ಘಾಟಿ ಇಳಿಯುತ್ತ, ಬ್ರೇಕ್ ಹಿಡಿದುಕೊಂಡೇ ಮುಂದಿನ ಚಕ್ರವನ್ನು ಗುಂಡಿಗೆ ಇಳಿಸಿದಾಗ ಆರ್ಮಿನ ಮೇಲೆ ಬೀಳುವ ಹೊಡೆತಕ್ಕೆ ಈ ಎರಡು ಅಂಕಿಗಳ ನಡುವಿನ ವ್ಯತ್ಯಾಸ ಸಣ್ಣದೇನಲ್ಲ.

ಇನ್ನೂ ಒಂದು ಅಪಾಯ ಇದೆ. ಕಂಪನಿಯ ಸರ್ವಿಸ್ ಪುಸ್ತಕ ಹೇಳುವ ಟಾರ್ಕ್, ಅಂದರೆ ನಟ್ಟನ್ನು ತಿರುಗಿಸಿ ಬಿಗಿಯುವ ಬಲದ ಅಳತೆ, 10.9 ಬೋಲ್ಟಿಗಾಗಿ ಹೇಳಿದ್ದು. ಈ ಅಳತೆಯ ಬೋಲ್ಟಿಗೆ ಅದು ಸಾಮಾನ್ಯ ಲೆಕ್ಕದಲ್ಲಿ 135 ನ್ಯೂಟನ್ ಮೀಟರಿನ ಆಸುಪಾಸು ಬರುತ್ತದೆ. ನಿಷ್ಠೆಯ ಮೆಕ್ಯಾನಿಕ್ ಒಬ್ಬರು 8.8 ಬೋಲ್ಟನ್ನು ಅಷ್ಟೇ ಟಾರ್ಕಿಗೆ ಬಿಗಿದರೆ ಅದರೊಳಗೆ ಸುಮಾರು 5.7 ಟನ್ ಎಳೆತ ಹುಟ್ಟುತ್ತದೆ. ಅದು ಶಾಶ್ವತವಾಗಿ ಹಿಗ್ಗುವ ಹಂತ 5.5 ಟನ್. ಅಂದರೆ ಬೋಲ್ಟು ಪಾನಾದ ಕೆಳಗೇ ಹಿಗ್ಗಿ ಕೆಟ್ಟಿರುತ್ತದೆ, ಕೆಲಸ ಮಾತ್ರ ಅಚ್ಚುಕಟ್ಟಾಗಿ ಆದಂತೆ ಕಾಣುತ್ತದೆ. ಕಡಿಮೆ ಬಿಗಿದರೆ ಜಾರುತ್ತದೆ, ಪುಸ್ತಕದಷ್ಟು ಬಿಗಿದರೆ ಹಿಗ್ಗುತ್ತದೆ. 8.8 ಕೆಟ್ಟ ಬೋಲ್ಟೇನಲ್ಲ. ಎಷ್ಟೋ ವಾಹನಗಳಲ್ಲಿ ಶಾಕ್ ಅಬ್ಸಾರ್ಬರಿಗೆ, ಸ್ಟೆಬಿಲೈಜರ್ ಬಾರಿನ ಕ್ಲಾಂಪಿಗೆ ಕಂಪನಿಯವರೇ ಅದನ್ನು ಹಾಕಿರುತ್ತಾರೆ. ಅಲ್ಲಿ ಅದನ್ನೇ ಹಾಕಿ. 10.9 ಇದ್ದ ಜಾಗಕ್ಕೆ ಮಾತ್ರ ಬೇಡ.

ಇನ್ನು ನೆರೆಯವರ 12.9. ಈ ಸಲಹೆಯ ಹಿಂದೆ ಒಳ್ಳೆಯ ಮನಸ್ಸಿದೆ, ತೋಟದ ರಸ್ತೆಯ ಹೊಡೆತ ಅವರಿಗೂ ಗೊತ್ತು. ಆದರೆ ಸಸ್ಪೆನ್ಷನ್ ಬೋಲ್ಟು ಸಾಯುವುದು ಒಂದೇ ದೊಡ್ಡ ಏಟಿಗಲ್ಲ, ಲಕ್ಷಾಂತರ ಸಣ್ಣ ಏಟುಗಳಿಗೆ. ಬೋಲ್ಟುಗಳ ಲೆಕ್ಕಕ್ಕೆ ಜರ್ಮನಿಯ ಎಂಜಿನಿಯರುಗಳ ಸಂಘ ರೂಪಿಸಿದ ವಿಡಿಐ 2230 ಎಂಬ ಮಾರ್ಗಸೂಚಿ ಇದೆ. ಥ್ರೆಡ್ಡನ್ನು ಕೊರೆಯದೆ ಒತ್ತಿ ಹೊರಳಿಸಿ ಮಾಡಿ, ಆಮೇಲೆ ಹದ ಕೊಟ್ಟ ಬೋಲ್ಟು ದಣಿಯದೆ ತಾಳುವ ಎಳೆತದ ಏರಿಳಿತಕ್ಕೆ ಅದು ಕೊಡುವ ಸೂತ್ರದಲ್ಲಿ ದಪ್ಪದ ಅಂಕಿ ಇದೆ, ದರ್ಜೆಯ ಅಂಕಿ ಇಲ್ಲವೇ ಇಲ್ಲ. 12 ಎಂಎಂ ಬೋಲ್ಟಿಗೆ ಅದು ಚದರ ಮಿಲಿಮೀಟರಿಗೆ ಹೆಚ್ಚುಕಡಿಮೆ 49 ನ್ಯೂಟನ್, ಬೋಲ್ಟು 8.8 ಆಗಿರಲಿ, 12.9 ಆಗಿರಲಿ. ಗಡಸುತನ ಹೆಚ್ಚಿದರೆ ಬಿಗಿಯನ್ನು ಹೆಚ್ಚಿಸಬಹುದು, ದಣಿವನ್ನು ತಾಳುವ ಶಕ್ತಿ ಹೆಚ್ಚುವುದಿಲ್ಲ. ನೀವು 12.9 ಹಾಕಿ 10.9ರ ಟಾರ್ಕಿಗೇ ಬಿಗಿದರೆ ಸಿಗುವ ಬಿಗಿ 10.9ರದ್ದೇ. 12.9ಕ್ಕೆ ತಕ್ಕಂತೆ ಹೆಚ್ಚು ಬಿಗಿಯಲು ಹೋದರೆ ಬುಷ್ಷಿನ ಕೊಳವೆ ಜಜ್ಜಿಹೋಗಬಹುದು, ಬ್ರಾಕೆಟ್ಟಿನ ತಗಡು ಕುಸಿಯಬಹುದು. ಆ ಭಾಗಗಳನ್ನು ಅಷ್ಟು ಒತ್ತಡಕ್ಕೆ ಮಾಡಿರುವುದಿಲ್ಲ.

ನಮ್ಮ ಮಲೆನಾಡಿನಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ಬಹಳ ಗಡಸು ಉಕ್ಕಿನೊಳಗೆ ಹೈಡ್ರೋಜನ್ ಸೇರಿದರೆ ಅದು ಒಳಗಿಂದೊಳಗೇ ಪೆಡಸಾಗಿ, ಬಿಗಿದು ಎಷ್ಟೋ ಗಂಟೆಗಳೋ ದಿನಗಳೋ ಆದ ಮೇಲೆ, ಗಾಡಿ ನಿಂತಿದ್ದಾಗಲೇ ತಲೆ ಕಳಚಿ ಬೀಳಬಹುದು. ಸತುವಿನ ಲೇಪಕ್ಕೆ ಮುಂಚೆ ಆಸಿಡ್ಡಿನಲ್ಲಿ ತೊಳೆಯುವಾಗಲೂ, ಲೇಪ ಕೂರಿಸುವಾಗಲೂ ಹೈಡ್ರೋಜನ್ ಸೇರುತ್ತದೆ. ಬಿಗಿದ ಬೋಲ್ಟಿನ ಮೇಲೆ ತುಕ್ಕು ಏಳುವಾಗಲೂ ಸೇರುತ್ತದೆ. ರಾಕ್‌ವೆಲ್ ಸಿ ಅಳತೆಯಲ್ಲಿ 39ಕ್ಕಿಂತ ಮೇಲಿನ ಗಡಸುತನಕ್ಕೆ ಈ ಅಪಾಯ ಹೆಚ್ಚು. 10.9ರ ಗಡಸುತನ 32ರಿಂದ 39ರ ಒಳಗೆ, 12.9ರದ್ದು 39ರಿಂದ 44. ಜೂನಿನಿಂದ ಸೆಪ್ಟೆಂಬರಿನವರೆಗೆ ಒಣಗದ ಕೆಸರು, ಅದರ ಮೇಲೆ ಪೊಟ್ಯಾಷ್ ಗೊಬ್ಬರದ ಪುಡಿ. ಪೊಟ್ಯಾಷ್ ಎಂದು ನಾವು ತರುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಅಡುಗೆ ಉಪ್ಪಿನ ಜಾತಿಯದೇ ಕ್ಲೋರೈಡ್ ಲವಣ, ಉಕ್ಕನ್ನು ಬೇಗ ತಿನ್ನುತ್ತದೆ. ಇಂಥ ಕಡೆ 12.9 ಬೋಲ್ಟನ್ನು ಗಾಡಿಯ ಅಡಿಯಲ್ಲಿ ಕಟ್ಟುವುದು ನನಗೆ ಒಪ್ಪಿಗೆ ಇಲ್ಲ. ಎಂಜಿನ್ನಿನ ಒಳಗೆ, ಎಣ್ಣೆಯಲ್ಲಿ ಮುಳುಗಿರುವ ಜಾಗದಲ್ಲಿ ಅದರ ಮಾತು ಬೇರೆ.

ಸ್ಟೇನ್‌ಲೆಸ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸ್ಟೇನ್‌ಲೆಸ್ ಬೋಲ್ಟು ಎ2-70. ಅದು ತುಂಡಾಗುವುದು 700 ನ್ಯೂಟನ್ನಿಗೆ, ಹಿಗ್ಗಲು ಶುರುವಾಗುವುದು 450ಕ್ಕೇ. 8.8ಕ್ಕಿಂತಲೂ ಮೆದು. ಬಿಗಿಯುವಾಗ ಥ್ರೆಡ್ಡು ಥ್ರೆಡ್ಡಿಗೆ ಕಚ್ಚಿಕೊಂಡು ನಿಂತುಬಿಡುವ ಕೆಟ್ಟ ಗುಣವೂ ಅದಕ್ಕಿದೆ. ನಂಬರ್ ಪ್ಲೇಟಿಗೆ, ಮಡ್‌ಗಾರ್ಡಿಗೆ ಹಾಕಿಸಿ, ಚೆನ್ನಾಗಿರುತ್ತದೆ.

ಕಾಯಿಸಿ ತೆಗೆದ ಹಳೆಯ ಬೋಲ್ಟನ್ನು ಬ್ರಷ್ ಹಾಕಿ ಉಜ್ಜಿ ಮತ್ತೆ ಹಾಕುವವರನ್ನು ನೋಡಿದ್ದೇನೆ. ‘ಕಂಪನಿ ಬೋಲ್ಟು, ಅದಕ್ಕಿಂತ ಒಳ್ಳೆಯದು ಎಲ್ಲಿ ಸಿಗುತ್ತೆ?’ ಎನ್ನುತ್ತಾರೆ. 10.9ರ ಶಕ್ತಿ ಬಂದಿರುವುದೇ ಉಕ್ಕನ್ನು ಕಾಯಿಸಿ, ಎಣ್ಣೆಯಲ್ಲಿ ತಣಿಸಿ, ಮತ್ತೆ ಹದವಾಗಿ ಬಿಸಿ ಮಾಡಿದ ಸಂಸ್ಕಾರದಿಂದ. ಕೊನೆಯ ಆ ಹದದ ಬಿಸಿ ಸುಮಾರು 425 ಡಿಗ್ರಿ ಅಥವಾ ಅದಕ್ಕೆ ಸ್ವಲ್ಪ ಮೇಲೆ. ಗ್ಯಾಸಿನ ಜ್ವಾಲೆಯಲ್ಲಿ ಕೆಂಪಗಾದ ಬೋಲ್ಟು 700 ಡಿಗ್ರಿ ದಾಟಿರುತ್ತದೆ. ತಲೆಯ ಮೇಲಿನ ಅಂಕಿ ಹಾಗೇ ಉಳಿದಿದೆ, ಒಳಗಿನ ಹದ ಹೋಗಿದೆ. ಬ್ರಾಕೆಟ್ಟಿನ ಕಿವಿಗಳಿಗೂ ಜ್ವಾಲೆ ತಗುಲಿದ್ದರೆ ಅಲ್ಲಿ ಬಿರುಕು, ಸೊಟ್ಟ, ತೂತು ಹಿಗ್ಗಿರುವುದು ಕಾಣುತ್ತದೆಯೇ ಎಂದು ಬೆಳಕು ಹಿಡಿದು ನೋಡಿಸಿ. ತೂತು ಮೊಟ್ಟೆಯಾಗಿದ್ದರೆ ಹೊಸ ಬೋಲ್ಟು ಎಷ್ಟೇ ಒಳ್ಳೆಯದಿದ್ದರೂ ಕೆಲಸಕ್ಕೆ ಬಾರದು, ಮೊದಲು ಬ್ರಾಕೆಟ್ ಸರಿಯಾಗಬೇಕು. ತೂತನ್ನು ಡ್ರಿಲ್ ಮಾಡಿ 14 ಎಂಎಂ ಬೋಲ್ಟು ತೂರಿಸುವ ಉಪಾಯವನ್ನೂ ಯಾರಾದರೂ ಹೇಳುತ್ತಾರೆ. ಬುಷ್ಷಿನ ಕೊಳವೆಯನ್ನು ಕೊರೆದು ತೆಳ್ಳಗೆ ಮಾಡದೆ ಅದು ಆಗುವುದಿಲ್ಲ, ತೆಳ್ಳಗಾದ ಕೊಳವೆ ಬಿಗಿಯನ್ನು ತಾಳುವುದಿಲ್ಲ.

ಗ್ಯಾಸ್ ತೋರಿಸದೆ ಬಿಚ್ಚಿದ ಬೇರೆ ಬೋಲ್ಟುಗಳಿದ್ದರೆ ಅವು ಮತ್ತೆ ಬಳಕೆಗೆ ಬರುತ್ತವೆಯೇ ಎಂದು ತಿಳಿಯಲು ಸುಲಭದ ಪರೀಕ್ಷೆ ಇದೆ. ಥ್ರೆಡ್ಡನ್ನು ಚೊಕ್ಕ ಮಾಡಿ ಹೊಸ ನಟ್ಟೊಂದನ್ನು, ನೈಲಾನ್ ಇಲ್ಲದ್ದನ್ನು, ಬರಿಗೈಯಲ್ಲಿ ಕೊನೆಯವರೆಗೆ ತಿರುಗಿಸಿ. ನಡುವೆ ಎಲ್ಲಾದರೂ ಬಿಗಿಯಾದರೆ ಅಲ್ಲಿ ಬೋಲ್ಟು ಹಿಗ್ಗಿದೆ ಎಂದರ್ಥ. ನುಣುಪು ಭಾಗದ ಮೇಲೆ ಉಗುರು ಎಳೆಯಿರಿ, ತುಕ್ಕಿನ ಗುಳಿಗೆ ಉಗುರು ಸಿಕ್ಕಿಕೊಂಡರೆ ಆ ಬೋಲ್ಟನ್ನು ಎಸೆಯಿರಿ. ದಣಿವಿನ ಬಿರುಕು ಹುಟ್ಟುವುದು ಅಂಥ ಗುಳಿಗಳಲ್ಲೇ. ಸರ್ವಿಸ್ ಪುಸ್ತಕ ಟಾರ್ಕಿನ ಜೊತೆಗೆ ‘ಇಷ್ಟು ಡಿಗ್ರಿ ತಿರುಗಿಸಿ’ ಎಂದು ಹೇಳಿದ ಬೋಲ್ಟುಗಳಿದ್ದರೆ ಅವನ್ನು ಪ್ರತಿ ಸಲ ಹೊಸದೇ ಹಾಕುವುದು ಒಳ್ಳೆಯದು.

ಕೊಳ್ಳುವಾಗ ದರ್ಜೆಯ ಜೊತೆಗೆ ನೋಡಲೇಬೇಕಾದದ್ದು ನುಣುಪು ಭಾಗದ ಉದ್ದ. ತುದಿಯಿಂದ ತಲೆಯವರೆಗೂ ಥ್ರೆಡ್ ಇರುವ ಬೋಲ್ಟು ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ, ಆರ್ಮಿಗೆ ಅದು ಬೇಡ. ಬ್ರಾಕೆಟ್ಟಿನ ಕಿವಿಯೂ ಕೊಳವೆಯೂ ಸೇರುವ ಕಡೆ ಥ್ರೆಡ್ ಬಂದರೆ ಬೋಲ್ಟು ಅಲ್ಲಿ ಸಣ್ಣದಾಗಿರುತ್ತದೆ, ಪ್ರತಿ ಥ್ರೆಡ್ಡಿನ ತಳವೂ ಬಿರುಕಿಗೆ ಗೀರು ಹಾಕಿಕೊಟ್ಟಂತೆ ಇರುತ್ತದೆ. ತೀರಾ ಉದ್ದದ ನುಣುಪು ಭಾಗವೂ ಬೇಡ. ಆಗ ನಟ್ಟು ಥ್ರೆಡ್ಡಿನ ಕೊನೆಗೆ ಬಂದು ನುಣುಪು ಭಾಗಕ್ಕೆ ತಾಗಿ ನಿಲ್ಲುತ್ತದೆ, ಪಾನಾಕ್ಕೆ ಬಿಗಿಯಾದಂತೆ ಕಾಣುತ್ತದೆ, ಬ್ರಾಕೆಟ್ಟಿಗೆ ಒತ್ತಡವೇ ತಲುಪಿರುವುದಿಲ್ಲ. ಹಳೆಯ ಬೋಲ್ಟನ್ನು ಪಕ್ಕದಲ್ಲಿಟ್ಟು ನೋಡಿ. ಬಿಗಿದ ಮೇಲೆ ನಟ್ಟಿನಿಂದ ಎರಡು ಮೂರು ಥ್ರೆಡ್ ಆಚೆ ಕಾಣಬೇಕು.

ನಟ್ಟಿಗೂ ದರ್ಜೆ ಇದೆ, ಅದನ್ನು ಕೇಳುವವರು ಕಡಿಮೆ. 10.9 ಬೋಲ್ಟಿಗೆ ಮುಖದ ಮೇಲೆ 10 ಎಂದಿರುವ ನಟ್ಟು, 8.8ಕ್ಕೆ 8. ಮೆದು ನಟ್ಟು ಹಾಕಿದರೆ ಬೋಲ್ಟು ತಾಳಿದರೂ ನಟ್ಟಿನ ಥ್ರೆಡ್ ಕಿತ್ತುಬರುತ್ತದೆ. ನೈಲಾನ್ ಇರುವ ನಟ್ಟನ್ನು ಒಮ್ಮೆ ಬಿಚ್ಚಿದ ಮೇಲೆ ಎಸೆಯಿರಿ, ಸೈಲೆನ್ಸರಿನ ಹತ್ತಿರ ಅದನ್ನು ಹಾಕಬೇಡಿ, ಸುಮಾರು 120 ಡಿಗ್ರಿಗೆ ನೈಲಾನಿನ ಹಿಡಿತ ಹೋಗುತ್ತದೆ. ತೆಳ್ಳಗಿನ ಮೆದು ವಾಷರ್ ಹಾಕಿದರೆ ಅದು ಬೋಲ್ಟಿನ ತಲೆಯ ಕೆಳಗೆ ನಿಧಾನವಾಗಿ ಕುಸಿದು ಬಿಗಿಯನ್ನು ತಿನ್ನುತ್ತದೆ. ಹದ ಕೊಟ್ಟ ಗಟ್ಟಿ ವಾಷರ್ ಬೇಕು, ಅಥವಾ ತಲೆಯಲ್ಲೇ ಅಗಲ ಅಂಚಿರುವ ಫ್ಲ್ಯಾಂಜ್ ಬೋಲ್ಟು. ಸ್ಪ್ರಿಂಗ್ ವಾಷರ್ ಹಾಕಿದರೆ ಸಡಿಲವಾಗುವುದಿಲ್ಲ ಎಂಬ ನಂಬಿಕೆ ಗಟ್ಟಿಯಾಗಿದೆ. 1969ರಲ್ಲಿ ಗೆರ್ಹಾರ್ಡ್ ಯುಂಕರ್ ಎಂಬ ಎಂಜಿನಿಯರ್ ಪರೀಕ್ಷೆ ಮಾಡಿ ತೋರಿಸಿದ್ದು, ಬೋಲ್ಟು ತಾನಾಗಿ ಬಿಚ್ಚಿಕೊಳ್ಳುವುದಕ್ಕೆ ಮುಖ್ಯ ಕಾರಣ ಜೋಡಣೆ ಅಡ್ಡಕ್ಕೆ ಜಾರುವುದು ಎಂದು. ಜಾರದಂತೆ ಬಿಗಿ ಇದ್ದರೆ ಬೋಲ್ಟು ಬಿಚ್ಚಿಕೊಳ್ಳದು. ಬಿಗಿ ಇಲ್ಲದಿದ್ದರೆ ಸ್ಪ್ರಿಂಗ್ ವಾಷರ್ ಉಳಿಸುವುದಿಲ್ಲ.

ಇದನ್ನು ಓದುವವರಲ್ಲಿ ಹಳೆಯ ಜೀಪು ಇಟ್ಟುಕೊಂಡ ತೋಟದವರೂ ಇರುತ್ತಾರೆ, ಅವರಿಗೊಂದು ಮಾತು. ವಿಲ್ಲಿಸ್ ವಂಶದ ಆ ಗಾಡಿಗಳಲ್ಲಿ ಇಂಚಿನ ಬೋಲ್ಟುಗಳಿರುತ್ತವೆ. ಅವುಗಳ ತಲೆಯ ಮೇಲೆ ಅಂಕಿ ಇರುವುದಿಲ್ಲ, ಗೀರುಗಳಿರುತ್ತವೆ. ಮೂರು ಗೀರು ಇದ್ದರೆ ಗ್ರೇಡ್ 5, ಅದು 8.8ರ ಸಮೀಪ. ಆರು ಗೀರು ಇದ್ದರೆ ಗ್ರೇಡ್ 8, ಅದು 10.9ರ ಸಮೀಪ. 9/16 ಇಂಚು ಅಂದರೆ 14.29 ಎಂಎಂ. ಅಲ್ಲಿ 14 ಎಂಎಂ ಬೋಲ್ಟು ಸಲೀಸಾಗಿ ತೂರುತ್ತದೆ, ಆದರೆ ಆ ಸಲೀಸೇ ಆಟಕ್ಕೆ ಜಾಗ ಕೊಡುತ್ತದೆ. ಇಂಚಿನದಕ್ಕೆ ಇಂಚಿನದನ್ನೇ ಹುಡುಕಿ ಹಾಕಿ.

ಎಲ್ಲಿ ಸಿಗುತ್ತದೆ? ಮೊದಲು ನಿಮ್ಮ ವಾಹನದ ಅಧಿಕೃತ ಬಿಡಿಭಾಗದ ಅಂಗಡಿಯಲ್ಲಿ ಚಾಸಿ ನಂಬರ್ ಕೊಟ್ಟು ಕೇಳಿ. ಆರ್ಮ್ ಬೋಲ್ಟಿಗೆ ಪ್ರತ್ಯೇಕ ಪಾರ್ಟ್ ನಂಬರ್ ಇರುತ್ತದೆ. ಎರಡು ದಿನ ಕಾಯಬೇಕಾದರೂ ಕಾಯಿರಿ. ಅಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಂದ ತರಿಸಬಹುದು. ಟಿವಿಎಸ್, ಅನ್‌ಬ್ರಾಕೋದಂಥ ಹೆಸರಿನ ಬೋಲ್ಟು ಕೇಳಿ. ಬೋಲ್ಟಿನ ತಲೆಯಲ್ಲಿ ದರ್ಜೆಯ ಅಂಕಿಯ ಜೊತೆಗೆ ತಯಾರಕರ ಗುರುತೂ ಉಬ್ಬಾಗಿಯೋ ತಗ್ಗಾಗಿಯೋ ಅಚ್ಚಾಗಿರಬೇಕು. ಅಂಕಿ ಮಾತ್ರ ಇದ್ದು ಯಾರದ್ದೆಂಬ ಗುರುತಿಲ್ಲದ ಬೋಲ್ಟನ್ನು ನಾನು ಸಸ್ಪೆನ್ಷನ್ನಿಗೆ ಹಾಕುವುದಿಲ್ಲ. ಲೇತಿನಲ್ಲಿ ಮಾಡಿಸಿಕೊಡುತ್ತೇವೆ ಎಂದರೆ ನಯವಾಗಿ ಬೇಡವೆನ್ನಿ. ಲೇತಿನವರ ಕೈಚಳಕದ ಬಗ್ಗೆ ನನಗೆ ಗೌರವವಿದೆ, ಆದರೆ ಸರಳನ್ನು ಕೊರೆದು ಮಾಡಿದ ಥ್ರೆಡ್ಡಿಗೆ, ಒತ್ತಿ ಹೊರಳಿಸಿ ಮಾಡಿದ ಥ್ರೆಡ್ಡಿನಷ್ಟು ದಣಿವು ತಾಳುವ ಶಕ್ತಿ ಬರುವುದಿಲ್ಲ. ಉಕ್ಕಿನ ಹದದ ಖಾತ್ರಿಯೂ ಅಲ್ಲಿ ಇರುವುದಿಲ್ಲ.

ಹಾಕುವ ದಿನ ನೀವೂ ಗ್ಯಾರೇಜಿನಲ್ಲಿ ಇರಿ. ಕೊಳವೆಯ ತುದಿ ತಾಗುವ ಬ್ರಾಕೆಟ್ಟಿನ ಒಳಮುಖದಲ್ಲಿ ತುಕ್ಕಿನ ಪುಡಿ, ಬಣ್ಣ, ಗ್ರೀಸ್ ಏನೂ ಇರಬಾರದು. ಬಣ್ಣದ ಪದರ ಕಾಲಕ್ರಮೇಣ ಕುಸಿದು ಬಿಗಿ ಇಳಿಯುತ್ತದೆ, ಗ್ರೀಸ್ ಘರ್ಷಣೆಯನ್ನೇ ಕಳೆಯುತ್ತದೆ. ಮುಂದಿನ ಸಲ ಬೋಲ್ಟು ಕೊಳವೆಗೆ ಹಿಡಿದುಕೊಳ್ಳದಿರಲಿ ಎಂದು ನುಣುಪು ಭಾಗಕ್ಕೆ ಮಾತ್ರ ತೆಳ್ಳಗೆ ಗ್ರೀಸ್ ಸವರಬಹುದು, ನಿಮ್ಮ ಭಾವನವರ ತುಕ್ಕಿನ ಚಿಂತೆಗೆ ಸರಿಯಾದ ಉತ್ತರ ಅದು. ಥ್ರೆಡ್ಡಿಗೂ ನಟ್ಟಿನ ಮುಖಕ್ಕೂ ತಾಗಬಾರದು. ಎಣ್ಣೆ ಹಚ್ಚಿದ ಥ್ರೆಡ್ಡಿನಲ್ಲಿ ಅದೇ ಟಾರ್ಕಿಗೆ ಬಿಗಿ ಕಾಲು ಭಾಗದಷ್ಟು ಅಥವಾ ಇನ್ನೂ ಹೆಚ್ಚು ಏರಿಬಿಡುತ್ತದೆ. ಆರ್ಮಿನ ಬೋಲ್ಟಿಗೆ ತೂತು ನಡುವಿನಿಂದ ಪಕ್ಕಕ್ಕೆ ಸರಿದಿರುವ ವಾಷರ್ ಇದ್ದರೆ ಅದು ಚಕ್ರದ ಕೋನ ಹೊಂದಿಸಲು ಇರುವುದು. ಬಿಚ್ಚಿದ ಜಾಗದ ಗುರುತು ಉಳಿದಿದ್ದರೆ ಅಲ್ಲಿಗೇ ಕೂರಿಸಿ, ಆಮೇಲೆ ಅಲೈನ್‌ಮೆಂಟ್ ಮಾಡಿಸಿ.

ಇದಕ್ಕಿಂತಲೂ ಹೆಚ್ಚಾಗಿ ತಪ್ಪಾಗುವುದು ಕೊನೆಯ ಬಿಗಿಯಲ್ಲಿ. ಗಾಡಿ ಜಾಕಿನ ಮೇಲೆ, ಚಕ್ರ ಜೋತಾಡುತ್ತಿರುವಾಗಲೇ ಪೂರ್ತಿ ಬಿಗಿದುಬಿಡುತ್ತಾರೆ. ಆಗ ರಬ್ಬರ್ ಬುಷ್ ಆ ಜೋತ ಸ್ಥಿತಿಯಲ್ಲೇ ಕಚ್ಚಿಕೊಳ್ಳುತ್ತದೆ. ಗಾಡಿ ನೆಲಕ್ಕೆ ಇಳಿದ ಕ್ಷಣದಿಂದ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ನಿಮ್ಮ ಬುಷ್ ಬೇಗ ಹೋಗಿದ್ದರೆ ಹಿಂದಿನ ಸಲ ಹೀಗಾಗಿತ್ತೋ ಏನೋ ವಿಚಾರಿಸಿ. ಜಾಕಿನ ಮೇಲೆ ಕೈಬಿಗಿ ಮಾತ್ರ ಮಾಡಿ, ಗಾಡಿಯನ್ನು ಚಕ್ರದ ಮೇಲೆ ಇಳಿಸಿ, ಒಂದೆರಡು ಸಲ ಬಾನೆಟ್ ಅದುಮಿ ಬಿಟ್ಟು, ಆಮೇಲೆ ಟಾರ್ಕ್ ರೆಂಚಿನಲ್ಲಿ ಪುಸ್ತಕದ ಅಳತೆಗೆ ಬಿಗಿಯಬೇಕು. ನಾನು ಮೇಲೆ ಹೇಳಿದ 135 ಲೆಕ್ಕ ತೋರಿಸಲು ಬಳಸಿದ ಅಂಕಿ. ನಿಮ್ಮ ವಾಹನಕ್ಕೆ ಅದರ ಸರ್ವಿಸ್ ಪುಸ್ತಕದ ಅಂಕಿಯೇ ಕೊನೆಯ ಮಾತು. ಪಾನಾಕ್ಕೆ ಪೈಪು ತೊಡಿಸಿ ತೂಗುವುದು ಬೇಡ. ಟಾರ್ಕ್ ರೆಂಚ್ ಇಲ್ಲದ ಗ್ಯಾರೇಜಾದರೆ, ಕೆಲಸ ಅಲ್ಲೇ ಮಾಡಿಸಿದರೂ ಕೊನೆಯ ಬಿಗಿಯನ್ನು ಅದು ಇರುವ ಕಡೆ ಮಾಡಿಸಿ.

ಈಗ ಸೆಂಟರ್ ಬೋಲ್ಟು. ಒಂದೇ ಮಳೆಗಾಲದಲ್ಲಿ ಎರಡು ಸಲ ತುಂಡಾಗಿದೆ ಎಂದರೆ ಕಾರಣ ಸೆಂಟರ್ ಬೋಲ್ಟಿನಲ್ಲಿಲ್ಲ, ಸ್ಪ್ರಿಂಗನ್ನು ಆಕ್ಸಲ್ಲಿಗೆ ಅದುಮಿ ಕಟ್ಟುವ ಯು ಆಕಾರದ ಬೋಲ್ಟಿನಲ್ಲಿ, ಅಂದರೆ ಯು ಬೋಲ್ಟಿನಲ್ಲಿದೆ ಎಂದು ಬಹುಮಟ್ಟಿಗೆ ನಂಬಬಹುದು. ಸೆಂಟರ್ ಬೋಲ್ಟಿನ ಕೆಲಸ ಎರಡೇ: ಪ್ಲೇಟುಗಳನ್ನು ಒಟ್ಟಿಗೆ ಸೇರಿಸಿಡುವುದು, ಅದರ ದುಂಡು ತಲೆ ಆಕ್ಸಲ್ಲಿನ ಸೀಟಿನ ತೂತಿನಲ್ಲಿ ಕೂತು ಜಾಗ ತೋರಿಸುವುದು. ಬ್ರೇಕಿನ, ಎಳೆತದ ಹೊಡೆತ ತಾಳುವುದು ಯು ಬೋಲ್ಟುಗಳ ಅದುಮಿನಿಂದ ಹುಟ್ಟುವ ಘರ್ಷಣೆ. ಯು ಬೋಲ್ಟು ಸಡಿಲವಾದರೆ ಇಡೀ ಪ್ಲೇಟ್ ಕಟ್ಟು ಸೀಟಿನ ಮೇಲೆ ಹಿಂದೆ ಮುಂದೆ ಜಾರುತ್ತದೆ, ಪಾಪದ ಸೆಂಟರ್ ಬೋಲ್ಟು ತನ್ನದಲ್ಲದ ಕೆಲಸ ಹೊತ್ತು ಕತ್ತರಿಸಿ ಹೋಗುತ್ತದೆ. ಅಲ್ಲಿ 12.9 ಹಾಕಿದರೆ ಆಗುವುದು ಇಷ್ಟೇ: ಬೋಲ್ಟು ಉಳಿದು ಮುಖ್ಯ ಪ್ಲೇಟು ತೂತಿನ ಹತ್ತಿರ ಬಿರಿಯುತ್ತದೆ, ಇಲ್ಲವೇ ಸೀಟಿನ ತೂತು ಸವೆದು ಅಗಲವಾಗುತ್ತದೆ. ಅಲೆನ್ ಬೋಲ್ಟಿನ ತಲೆ ಆ ತೂತಿನ ಅಳತೆಗೆ ಸರಿಯಾಗಿ ಕೂರುವ ಖಾತ್ರಿಯೂ ಇಲ್ಲ. ಸ್ಪ್ರಿಂಗಿನ ಅಂಗಡಿಯಲ್ಲಿ ನಿಮ್ಮ ವಾಹನದ ಸೆಂಟರ್ ಬೋಲ್ಟನ್ನೇ ಕೇಳಿ ಹಾಕಿ.

ಯು ಬೋಲ್ಟು ಯಾಕೆ ಸಡಿಲವಾಯಿತು ಎನ್ನುವುದನ್ನು ಹುಡುಕಬೇಕು. ತೋಟದ ಗಾಡಿಗಳಲ್ಲಿ ಹೇರು ಹೆಚ್ಚು ಹೊರಲು ಒಂದು ಪ್ಲೇಟು ಏರಿಸುತ್ತಾರೆ, ಯು ಬೋಲ್ಟು ಮಾತ್ರ ಹಳೆಯದೇ. ನಟ್ಟಿಗೆ ಹಿಡಿಯಲು ಥ್ರೆಡ್ ಸಾಲುವುದಿಲ್ಲ. ಇಲ್ಲವೇ ಒಮ್ಮೆ ಬಿಗಿದು ಹಿಗ್ಗಿದ ಯು ಬೋಲ್ಟನ್ನೇ ಮತ್ತೆ ಹಾಕಿರುತ್ತಾರೆ. ಇಲ್ಲವೇ ಸಾದಾ ಸರಳನ್ನು ಕುಲುಮೆಯಲ್ಲಿ ಕಾಯಿಸಿ ಬಗ್ಗಿಸಿದ ಯು ಬೋಲ್ಟು ಹಾಕಿರುತ್ತಾರೆ. ಬಿಚ್ಚಿದ ಯು ಬೋಲ್ಟು ಮತ್ತೆ ಬೇಡ, ನಾಲ್ಕನ್ನೂ ಹೊಸದಾಗಿ, ಗಟ್ಟಿ ದರ್ಜೆಯ ನಟ್ಟಿನ ಜೊತೆ ಹಾಕಿಸಿ. ಸೀಟಿಗೂ ಪ್ಲೇಟಿಗೂ ನಡುವಿನ ತುಕ್ಕಿನ ಹಕ್ಕಳೆ, ಬಣ್ಣ ಕೆರೆದು ತೆಗೆಸಿ. ನಾಲ್ಕು ನಟ್ಟುಗಳನ್ನು ಒಂದಾದ ಮೇಲೆ ಒಂದು ಪೂರ್ತಿ ಬಿಗಿಯದೆ, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಏರಿಸುತ್ತ ಬಿಗಿಯಬೇಕು, ಅದೂ ಗಾಡಿಯ ಭಾರ ಸ್ಪ್ರಿಂಗಿನ ಮೇಲಿರುವಾಗ. ಹೊಸ ಪ್ಲೇಟುಗಳು ಒಂದರ ಮೇಲೊಂದು ಕೂರಲು ಸಮಯ ಬೇಕು, ಆದ್ದರಿಂದ ಮೊದಲ ಹೇರಿನ ನಂತರ ಸುಮಾರು 100 ಕಿಲೋಮೀಟರಿಗೆ ಒಮ್ಮೆ, 500ಕ್ಕೆ ಇನ್ನೊಮ್ಮೆ ಟಾರ್ಕ್ ನೋಡಿ ಬಿಗಿ ಮಾಡಿಸಿ. ಇದೊಂದನ್ನು ಬಿಟ್ಟವರೇ ಮತ್ತೆ ಸೆಂಟರ್ ಬೋಲ್ಟು ಮುರಿದುಕೊಂಡು ಬರುವುದು.

ಚಾರ್ಮಾಡಿಗೆ ಹೀಗೇ ಹೋಗಬೇಡಿ. 8.8 ಹಾಕಿ ಜೋಪಾನವಾಗಿ ಓಡಿಸುತ್ತೇನೆ ಎಂದರೂ ಬೇಡ. ಲೋವರ್ ಆರ್ಮಿನ ಬೋಲ್ಟು ಬಿಟ್ಟರೆ ಚಕ್ರ ತಿರುಗಿ ನಿಲ್ಲುತ್ತದೆ, ಸ್ಟೀರಿಂಗ್ ಕೈಯಲ್ಲಿದ್ದರೂ ಉಪಯೋಗವಿಲ್ಲ, ಕೊಟ್ಟಿಗೆಹಾರ ದಾಟಿದ ಮೇಲಿನ ತಿರುವುಗಳಲ್ಲಿ ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ. ಸೆಂಟರ್ ಬೋಲ್ಟು ಮುರಿದಿದ್ದರೆ ಹಿಂದಿನ ಆಕ್ಸಲ್ಲೇ ಒಂದು ಪಕ್ಕಕ್ಕೆ ಸರಿದು ಗಾಡಿ ಓರೆಯಾಗಿ ಓಡುತ್ತದೆ. ಗೊಬ್ಬರ ತುರ್ತಾದರೆ ಬೇರೆ ಗಾಡಿ ಬಾಡಿಗೆಗೆ ಹಿಡಿದು ತರಿಸಿ. ಪಿಕಪ್ಪನ್ನು ಗ್ಯಾರೇಜಿನಲ್ಲೇ ಬಿಡಿ. ಆರ್ಮಿನ ಬೋಲ್ಟು ಬರುವವರೆಗೆ ಯು ಬೋಲ್ಟಿನ ಕೆಲಸ ಮುಗಿಸಿಕೊಳ್ಳಲಿ, ಬಲಗಡೆ ಆರ್ಮಿನ ಬೋಲ್ಟನ್ನೂ ಗ್ಯಾಸ್ ಇಲ್ಲದೆ, ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ನೆನೆಸಿ ಬಿಚ್ಚಿ ನೋಡಲಿ. ಎಡಗಡೆ ಕಂಡ ಕೆಸರು, ಕಂಡ ಪೊಟ್ಯಾಷ್ ಅದಕ್ಕೂ ತಗುಲಿದೆ. ಬೋಲ್ಟು ತರಿಸುವಾಗ ಎರಡು ಜೊತೆ ತರಿಸಿ.